ಬದನಿಕೆ ಹಕ್ಕಿ: ಆರು ಗ್ರಾಂ ತೂಕದ ಜೀವಿಯನ್ನು ಗುರುತಿಸುವುದು ಹೇಗೆ?

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹೆಸರು ಕೇಳಿದೊಡನೆ ವನ್ಯಜೀವಿಪ್ರಿಯರಿಗೆ ನೆನಪಾಗುವುದು ಎರಡು ತಾಣಗಳು. ಒಂದು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಇನ್ನೊಂದು, ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು. ಇವೆರಡೂ ಕಣ್ಣಿಗೆ ತಾವಾಗಿಯೇ ಬೀಳುವ ಜೀವಿಗಳು. ಆದರೆ ಇದೇ ಸೀಮೆಯ ಮಾವಿನ ತೋಪುಗಳಲ್ಲಿ, ಕೆರೆ ಏರಿಯ ಹೊಂಗೆಯ ಸಾಲುಗಳಲ್ಲಿ, ಬೆಟ್ಟದ ತಪ್ಪಲಿನ ಕುರುಚಲು ಕಾಡುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಒಂದು ಹಕ್ಕಿಯನ್ನು ಕಂಡವರು ವಿರಳ. ಅದರ ಉದ್ದ ಸುಮಾರು 8 ಸೆಂಟಿಮೀಟರ್. ತೂಕ 6 ಗ್ರಾಂ ಆಸುಪಾಸು. ಅಂದರೆ ಹೆಚ್ಚುಕಡಿಮೆ ಐದು ರೂಪಾಯಿಯ ಒಂದು ನಾಣ್ಯದಷ್ಟು. ಗುಬ್ಬಚ್ಚಿಯನ್ನು ಪಕ್ಕದಲ್ಲಿ ಕೂರಿಸಿದರೆ ಇದು ಅದರ ಅರ್ಧದಷ್ಟೇ ಉದ್ದ ಕಾಣುತ್ತದೆ.

ಇದೇ ಬದನಿಕೆ ಹಕ್ಕಿ. ಇಂಗ್ಲಿಷ್ ಪುಸ್ತಕಗಳಲ್ಲಿ ಇದರ ಹೆಸರು ಪೇಲ್-ಬಿಲ್ಡ್ ಫ್ಲವರ್‌ಪೆಕರ್. ಭಾರತದ ಅತಿ ಚಿಕ್ಕ ಹಕ್ಕಿಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿದೆ. ಮರಗಳ ಮೇಲೆ ಬೆಳೆಯುವ ಬದನಿಕೆ ಅಥವಾ ಬಂದಳಿಕೆ ಎಂಬ ಪರಾವಲಂಬಿ ಗಿಡದೊಡನೆ ಇದರ ಬದುಕು ಬೆಸೆದುಕೊಂಡಿರುವುದರಿಂದಲೇ ಕನ್ನಡದಲ್ಲಿ ಈ ಹೆಸರು ಬಂದಿದೆ. ಗಿಡವನ್ನು ಬಲ್ಲವರಿಗೆ ಹಕ್ಕಿಯನ್ನು ಹುಡುಕುವುದು ಸುಲಭ. ಹಕ್ಕಿಯನ್ನು ಬಲ್ಲವರಿಗೆ ತೋಪಿನ ಆರೋಗ್ಯವನ್ನು ಅರಿಯುವುದು ಸುಲಭ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಓದುಗರು ಇದು ದೂರದ ಹಳ್ಳಿಯ ಮಾತೆಂದು ಭಾವಿಸಬೇಕಾಗಿಲ್ಲ. ಗಸಗಸೆ ಹಣ್ಣಿನ ಮರವಿರುವ ಯಾವುದೇ ಬಡಾವಣೆಗೂ ಈ ಹಕ್ಕಿ ಬರುತ್ತದೆ. ಮಕ್ಕಳು ಆಯ್ದು ತಿನ್ನುವ ಆ ಕೆಂಪು ಸಿಹಿ ಹಣ್ಣು ಇದಕ್ಕೂ ಅಚ್ಚುಮೆಚ್ಚು.

ಮೊದಲು ಕಿವಿ, ಆಮೇಲೆ ಕಣ್ಣು

ಬದನಿಕೆ ಹಕ್ಕಿಯನ್ನು ಹುಡುಕುವವರು ದುರ್ಬೀನು ಎತ್ತುವ ಮೊದಲು ಕಿವಿಗೊಡಬೇಕು. ಮರದ ತುದಿಯಿಂದ ‘ಚಿಕ್... ಚಿಕ್... ಚಿಕ್’ ಎಂಬ ಚುರುಕಾದ, ಗಡಸಾದ ದನಿ ಬಿಡುವಿಲ್ಲದೆ ಕೇಳಿಸಿದರೆ ಅದು ಈ ಹಕ್ಕಿಯದೇ ಆಗಿರುವ ಸಂಭವ ಹೆಚ್ಚು. ಎರಡು ಕಲ್ಲುಗಳನ್ನು ಒಂದಕ್ಕೊಂದು ಮೆಲ್ಲನೆ ತಾಗಿಸಿದಂತಹ ಸದ್ದು ಅದು. ಕೂತಾಗಲೂ ಹಾರುವಾಗಲೂ ಈ ದನಿ ನಿಲ್ಲುವುದು ಅಪರೂಪ. ನಡುನಡುವೆ ವೇಗವಾಗಿ ಉಲಿಯುವ ಚಿಲಿಪಿಲಿಯೂ ಕೇಳಿಸುತ್ತದೆ.

ದನಿ ಬಂದ ಕಡೆ ನೋಡಿದರೆ ಎಲೆಗಳ ನಡುವೆ ಹೆಬ್ಬೆರಳಿನಷ್ಟು ದೊಡ್ಡದೊಂದು ಆಕೃತಿ ಒಂದು ಕೊಂಬೆಯಿಂದ ಇನ್ನೊಂದಕ್ಕೆ ನೆಗೆಯುವುದು ಕಾಣುತ್ತದೆ. ಅದು ಒಂದೆಡೆ ನಿಲ್ಲುವುದಿಲ್ಲ. ಒಂದು ಬದನಿಕೆ ಪೊದೆಯಲ್ಲಿ ಒಂದೆರಡು ನಿಮಿಷ ಕಳೆದು, ಸದ್ದು ಮಾಡುತ್ತಾ ನೇರವಾಗಿ, ವೇಗವಾಗಿ ಮುಂದಿನ ಮರಕ್ಕೆ ಹಾರಿಬಿಡುತ್ತದೆ. ಆದ್ದರಿಂದ ಹಕ್ಕಿಯ ಹಿಂದೆ ಓಡುವುದು ವ್ಯರ್ಥ. ಹಣ್ಣು ಬಿಟ್ಟ ಬದನಿಕೆಯೊಂದನ್ನು ಗುರುತಿಸಿಕೊಂಡು, ಬೆಳಗಿನ ಹೊತ್ತು ಅದರ ಮುಂದೆ ಸುಮ್ಮನೆ ನಿಂತರೆ ಹಕ್ಕಿಯೇ ಮರಳಿ ಬರುತ್ತದೆ.

ರೂಪಲಕ್ಷಣಗಳು

ಈ ಹಕ್ಕಿಯನ್ನು ಗುರುತಿಸಲು ಕಷ್ಟವಾಗುವುದು ಇದಕ್ಕೆ ಎದ್ದುಕಾಣುವ ಬಣ್ಣ ಇಲ್ಲದಿರುವುದರಿಂದ. ಬೆನ್ನು, ತಲೆ, ರೆಕ್ಕೆಗಳು ಮಾಸಲು ಹಸಿರು ಬೆರೆತ ಬೂದುಗಂದು. ಎದೆ ಮತ್ತು ಹೊಟ್ಟೆ ಬೂದುಬಿಳಿ. ಎದೆಯ ಮೇಲೆ ಗೆರೆಯಾಗಲಿ ಚುಕ್ಕೆಯಾಗಲಿ ಇಲ್ಲ. ಬಾಲ ಗಿಡ್ಡ. ಗಂಡು ಹೆಣ್ಣುಗಳ ನಡುವೆ ನೋಟದಲ್ಲಿ ವ್ಯತ್ಯಾಸವಿಲ್ಲ. ಹೀಗೆ ‘ಇಲ್ಲ’ಗಳೇ ಹೆಚ್ಚಿರುವ ಹಕ್ಕಿಯಲ್ಲಿ ನಿರ್ಣಾಯಕ ಲಕ್ಷಣವೆಂದರೆ ಕೊಕ್ಕು. ಅದು ತೆಳು, ತುಸು ಬಾಗಿದ್ದು, ಮಾಂಸದಂತಹ ತಿಳಿಗುಲಾಬಿ ಬಣ್ಣದ್ದು. ಬಿಸಿಲಿಗೆ ಎದುರಾಗಿ ನಿಂತು ನೋಡಿದರೆ ಈ ಕೊಕ್ಕೂ ಕಪ್ಪಾಗಿಯೇ ಕಾಣುತ್ತದೆ. ಆದ್ದರಿಂದ ಸೂರ್ಯನಿಗೆ ಬೆನ್ನು ಮಾಡಿ ನಿಂತು ನೋಡಬೇಕು.

ಇದರ ವೈಜ್ಞಾನಿಕ ಹೆಸರು ಡೈಸಿಯಮ್ ಎರಿತ್ರೋರಿಂಕೋಸ್. ಎರಡನೆಯ ಪದದ ಅರ್ಥ ‘ಕೆಂಪು ಕೊಕ್ಕಿನದು’ ಎಂದು. 1790ರಲ್ಲಿ ಆಂಗ್ಲ ಪಕ್ಷಿತಜ್ಞ ಜಾನ್ ಲೇಥಮ್ ಈ ಹಕ್ಕಿಗೆ ಹೆಸರಿಟ್ಟಾಗಲೂ ಗುರುತಾಗಿ ಹಿಡಿದದ್ದು ಕೊಕ್ಕನ್ನೇ ಎಂಬುದು ಇದರಿಂದ ತಿಳಿಯುತ್ತದೆ.

ಯಾವುದನ್ನು ಯಾವುದೆಂದು ತಿಳಿಯುತ್ತೇವೆ?

ತೋಪಿನಲ್ಲಿ ಚಿಕ್ಕ ಹಕ್ಕಿಗಳು ಹಲವು. ಬದನಿಕೆ ಹಕ್ಕಿಯೊಡನೆ ಗೊಂದಲಕ್ಕೆ ಎಡೆಮಾಡುವ ಮುಖ್ಯ ಹಕ್ಕಿಗಳು ಇವು.

ಹೆಣ್ಣು ಸೂರಕ್ಕಿ: ಗಂಡು ಸೂರಕ್ಕಿಯ ಹೊಳೆಯುವ ಬಣ್ಣ ಎಲ್ಲರಿಗೂ ಪರಿಚಿತ. ಹೆಣ್ಣು ಮಾತ್ರ ಸಪ್ಪೆ ಬಣ್ಣದ್ದು. ಆದರೆ ಅದರ ಕೊಕ್ಕು ಉದ್ದ, ಕಪ್ಪು, ಕುಡುಗೋಲಿನಂತೆ ಬಾಗಿದ್ದು. ಹೊಟ್ಟೆಯಲ್ಲಿ ಹಳದಿ ಸ್ಪಷ್ಟ. ಬದನಿಕೆ ಹಕ್ಕಿಯ ಕೊಕ್ಕು ಗಿಡ್ಡ, ಹೊಟ್ಟೆಯಲ್ಲಿ ಎದ್ದುಕಾಣುವ ಹಳದಿ ಇಲ್ಲ.

ಸಿಂಪಿಗ: ಎಲೆಗಳನ್ನು ಹೊಲಿದು ಗೂಡು ಮಾಡುವ ಈ ಹಕ್ಕಿ ಬದನಿಕೆ ಹಕ್ಕಿಗಿಂತ ದೊಡ್ಡದು. ನೆತ್ತಿ ಕೆಂಗಂದು, ಬಾಲ ಸದಾ ಮೇಲೆತ್ತಿದ್ದು. ಇದು ಪೊದೆಗಳಲ್ಲಿ, ನೆಲಕ್ಕೆ ಹತ್ತಿರದಲ್ಲಿ ಓಡಾಡುತ್ತದೆ. ಬದನಿಕೆ ಹಕ್ಕಿ ಹೆಚ್ಚಾಗಿ ಮರದ ಮೇಲ್ಭಾಗದಲ್ಲಿರುತ್ತದೆ.

ಬೆಳ್ಗಣ್ಣ: ಹಳದಿಹಸಿರು ಮೈ, ಕಣ್ಣಿನ ಸುತ್ತ ಬಿಳಿಯ ಉಂಗುರ. ಗುಂಪಾಗಿ ಬಂದು ಗುಂಪಾಗಿ ಹೋಗುತ್ತದೆ. ಬದನಿಕೆ ಹಕ್ಕಿ ಒಂಟಿಯಾಗಿ ಅಥವಾ ಜೋಡಿಯಾಗಿ ಕಾಣುವುದೇ ಹೆಚ್ಚು.

ಗ್ರೀನಿಶ್ ವಾರ್ಬ್ಲರ್: ಚಳಿಗಾಲಕ್ಕೆ ಹಿಮಾಲಯ ಹಾಗೂ ಮಧ್ಯ ಏಷ್ಯಾದ ಕಡೆಯಿಂದ ವಲಸೆ ಬರುವ ಅತಿಥಿ. ಕಣ್ಣಿನ ಮೇಲೆ ತಿಳಿಬಣ್ಣದ ಉದ್ದ ಹುಬ್ಬು ಇದರ ಗುರುತು. ಎಲೆಯ ಅಡಿ ಹುಳು ಹುಡುಕುವುದು ಇದರ ಕೆಲಸ; ಬದನಿಕೆಯ ಹಣ್ಣಿನ ಹಂಗು ಇದಕ್ಕಿಲ್ಲ. ಬೇಸಿಗೆಯ ನಡುವೆ, ಮೇ ತಿಂಗಳ ಕೊನೆಯಲ್ಲಿ ಪಾವಗಡದ ತೋಪಿನಲ್ಲಿ ಕಂಡ ಪುಟ್ಟ ಹಕ್ಕಿ ಈ ವಲಸಿಗನಾಗಿರುವ ಸಂಭವ ಇಲ್ಲವೆಂದೇ ಹೇಳಬಹುದು.

ಸೋದರನನ್ನು ಬೇರ್ಪಡಿಸುವುದು

ನಿಜವಾದ ಪರೀಕ್ಷೆ ಇರುವುದು ಅದೇ ಕುಲದ ಇನ್ನೊಂದು ಹಕ್ಕಿಯಿಂದ ಇದನ್ನು ಬೇರ್ಪಡಿಸುವಲ್ಲಿ. ಅದರ ಇಂಗ್ಲಿಷ್ ಹೆಸರು ಥಿಕ್-ಬಿಲ್ಡ್ ಫ್ಲವರ್‌ಪೆಕರ್. ಕನ್ನಡದಲ್ಲಿ ದಪ್ಪ ಕೊಕ್ಕಿನ ಬದನಿಕೆ ಹಕ್ಕಿ ಎನ್ನಬಹುದು. ಇದು ತುಸು ದೊಡ್ಡದು, ಸುಮಾರು 10 ಸೆಂಟಿಮೀಟರ್. ಕೊಕ್ಕು ದಪ್ಪ ಮತ್ತು ಗಾಢ ಬಣ್ಣದ್ದು. ಎದೆಯ ಮೇಲೆ ಮಸುಕಾದ ಗೆರೆಗಳಿವೆ. ಕಣ್ಣು ಕಿತ್ತಳೆಗೆಂಪು. ಎಲ್ಲಕ್ಕಿಂತ ಸುಲಭದ ಗುರುತು ನಡತೆಯಲ್ಲಿದೆ: ಕೂತಾಗ ಬಾಲವನ್ನು ಎಡಕ್ಕೂ ಬಲಕ್ಕೂ ಪದೇಪದೇ ತಿರುಚುತ್ತದೆ. ಬಣ್ಣ ಕಾಣದ ಮಬ್ಬು ಬೆಳಕಿನಲ್ಲೂ ಈ ಬಾಲದ ಆಟ ಕಾಣುತ್ತದೆ.

ಹೆಸರುಗಳ ಇತಿಹಾಸದಲ್ಲಿ ಇಲ್ಲೊಂದು ಸ್ವಾರಸ್ಯವಿದೆ. ಹಳೆಯ ಪುಸ್ತಕಗಳಲ್ಲಿ ನಮ್ಮ ತಿಳಿಗೊಕ್ಕಿನ ಹಕ್ಕಿಗೆ ‘ಟಿಕೆಲ್ಸ್ ಫ್ಲವರ್‌ಪೆಕರ್’ ಎಂಬ ಹೆಸರಿತ್ತು. ಆದರೆ ಸ್ಯಾಮ್ಯುಯೆಲ್ ಟಿಕೆಲ್ 1833ರಲ್ಲಿ ವಿವರಿಸಿ ಹೆಸರಿಟ್ಟದ್ದು ದಪ್ಪ ಕೊಕ್ಕಿನ ಹಕ್ಕಿಯನ್ನು! ಹಳೆಯ ಪುಸ್ತಕ, ಹೊಸ ಪುಸ್ತಕ ಎರಡನ್ನೂ ಇಟ್ಟುಕೊಂಡು ಹಕ್ಕಿ ನೋಡುವವರು ಈ ಹೆಸರುಗಳ ಬಗ್ಗೆ ಎಚ್ಚರದಿಂದಿರಬೇಕು.

ಇನ್ನೊಂದು ಸಂಬಂಧಿ ನೀಲಗಿರಿ ಫ್ಲವರ್‌ಪೆಕರ್. ಗಾಢ ಬಣ್ಣದ ಕೊಕ್ಕು, ಕಣ್ಣಿನ ಮೇಲೆ ತಿಳಿ ಹುಬ್ಬು ಇರುವ ಅದು ಪಶ್ಚಿಮ ಘಟ್ಟಗಳ ತೇವದ ಕಾಡಿನದು. ಕೊಡಗು, ಚಿಕ್ಕಮಗಳೂರುಗಳಲ್ಲಿ ಹಕ್ಕಿ ನೋಡುವವರಿಗೆ ಈ ಗೊಂದಲ ಬರಬಹುದು. ಮಧುಗಿರಿ, ಪಾವಗಡಗಳ ಒಣಸೀಮೆಯಲ್ಲಿ ಆ ಚಿಂತೆ ಬೇಡ.

ನಡತೆಯೇ ನಂಬಿಕೆಯ ಗುರುತು

ಬದನಿಕೆಯ ಹಣ್ಣು ಬಟಾಣಿಯಷ್ಟು ಗಾತ್ರದ್ದು. ಒಳಗೆ ಒಂದೇ ಬೀಜ. ಬೀಜದ ಸುತ್ತ ಅಂಟಾದ, ಎಳೆದರೆ ನೂಲಿನಂತೆ ಬರುವ ಪದರವಿದೆ. ತಿಳಿಗೊಕ್ಕಿನ ಹಕ್ಕಿ ಹಣ್ಣನ್ನು ಇಡಿಯಾಗಿ ನುಂಗುತ್ತದೆ. ಬೀಜ ಅದರ ಕರುಳಿನಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಹೊರಬರುತ್ತದೆ. ಹೊರಬಂದಾಗಲೂ ಅಂಟು ಹೋಗಿರುವುದಿಲ್ಲ. ಆದ್ದರಿಂದ ಬೀಜ ತಾನಾಗಿ ಕೆಳಗೆ ಬೀಳದು. ಹಕ್ಕಿ ಕೊಂಬೆಯ ಮೇಲೆ ಅಡ್ಡಡ್ಡ ಸರಿದು, ಹಿಂಭಾಗವನ್ನು ತೊಗಟೆಗೆ ಉಜ್ಜಿ ಬೀಜವನ್ನು ಬಿಡಿಸಿಕೊಳ್ಳುತ್ತದೆ. ಬೀಜ ಅಲ್ಲೇ ಅಂಟಿಕೊಂಡು ಮೊಳೆಯುತ್ತದೆ. ದಪ್ಪ ಕೊಕ್ಕಿನ ಹಕ್ಕಿಯಾದರೋ ಹಣ್ಣನ್ನು ಕೊಕ್ಕಿನಲ್ಲೇ ಹೊರಳಿಸಿ, ಬೀಜವನ್ನು ಕೊಂಬೆಗೆ ಒರೆಸಿ, ತಿರುಳನ್ನಷ್ಟೇ ನುಂಗುತ್ತದೆ. ಒಂದು ಕೊಕ್ಕನ್ನು ಒರೆಸುತ್ತದೆ, ಇನ್ನೊಂದು ಬಾಲದ ಬುಡವನ್ನು. ಇದನ್ನು ಗಮನಿಸಿದವರಿಗೆ ಕೊಕ್ಕಿನ ಬಣ್ಣ ಕಾಣದಿದ್ದರೂ ಹಕ್ಕಿ ಯಾವುದೆಂದು ಊಹಿಸಬಹುದು.

ಹೂವಿನ ಕಾಲದಲ್ಲಿ ಇನ್ನೊಂದು ದೃಶ್ಯ ಕಾಣಸಿಗುತ್ತದೆ. ಬದನಿಕೆಯ ಹೂವು ಉದ್ದನೆಯ ಕೊಳವೆಯಂತಿರುತ್ತದೆ. ಬಲಿತ ಮೊಗ್ಗಿನ ತುದಿಯನ್ನು ಹಕ್ಕಿ ಕೊಕ್ಕಿನಿಂದ ಅದುಮಿದರೆ ಅದು ತಟ್ಟನೆ ಬಿರಿದು ಪರಾಗವನ್ನು ಹಕ್ಕಿಯ ಹಣೆಗೆ ಎರಚುತ್ತದೆ. ಮಕರಂದ ಕುಡಿದ ಹಕ್ಕಿ ಮುಂದಿನ ಹೂವಿಗೆ ಆ ಪರಾಗವನ್ನು ಒಯ್ಯುತ್ತದೆ. ಹೀಗೆ ಒಂದೇ ಹಕ್ಕಿ ಗಿಡದ ಪರಾಗಸ್ಪರ್ಶಕ್ಕೂ ಬೀಜ ಪ್ರಸಾರಕ್ಕೂ ನೆರವಾಗುತ್ತದೆ.

ಈ ಸಂಬಂಧದ ಕಡೆಗೆ ವಿಜ್ಞಾನದ ಗಮನ ಸೆಳೆದವರಲ್ಲಿ ಡಾ. ಸಲೀಂ ಅಲಿ ಪ್ರಮುಖರು. 1931ರಲ್ಲಿ ಅವರು ಕೊಂಕಣ ಸೀಮೆಯಲ್ಲಿ ಸೂರಕ್ಕಿಗಳು ಮತ್ತು ಬದನಿಕೆ ಹಕ್ಕಿಗಳು ಈ ಪರಾವಲಂಬಿ ಗಿಡವನ್ನು ಹರಡುವ ಬಗೆಯನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ವಿವರಿಸಿದರು. 1980ರ ದಶಕದಲ್ಲಿ ಪ್ರಿಯಾ ದಾವಿದಾರ್ ನೀಲಗಿರಿಯಲ್ಲಿ ನಡೆಸಿದ ಅಧ್ಯಯನ ಇನ್ನೊಂದು ಸೂಕ್ಷ್ಮವನ್ನು ತೋರಿಸಿತು: ಕೆಲವು ಬಗೆಯ ಬದನಿಕೆಗಳಲ್ಲಿ ಬಲಿತ ಮೊಗ್ಗು ಮತ್ತು ಮಾಗಿದ ಹಣ್ಣು ನೋಡಲು ಒಂದೇ ರೀತಿ ಇರುತ್ತವೆ. ಹಣ್ಣು ಹುಡುಕುವ ಹಕ್ಕಿಯನ್ನು ಹೂವಿನ ಬಳಿಗೂ ಕರೆತರುವ ಉಪಾಯವಿದು.

ಗೂಡಿನ ಗುರುತು

ಹಕ್ಕಿ ಕಾಣದಿದ್ದರೂ ಗೂಡು ಕಾಣಬಹುದು. ಸಾಮಾನ್ಯವಾಗಿ ಫೆಬ್ರವರಿಯಿಂದ ಜೂನ್‌ವರೆಗೆ ಇದರ ಸಂತಾನಕಾಲ. ಗಿಡಗಳ ನಾರು, ಮೃದುವಾದ ತುಪ್ಪುಳು, ಜೇಡರ ಬಲೆಗಳನ್ನು ಹೆಣೆದು ಮಾಡಿದ ಕೆಂಗಂದು ಬಣ್ಣದ ಪುಟ್ಟ ಚೀಲ ಅದು, ಕೊಂಬೆಯಿಂದ ತೂಗುತ್ತಿರುತ್ತದೆ. ಮೇಲ್ಭಾಗದ ಪಕ್ಕದಲ್ಲಿ ಸಣ್ಣ ಬಾಗಿಲು. ಒಳಗೆ ಸಾಮಾನ್ಯವಾಗಿ ಎರಡು ಬಿಳಿ ಮೊಟ್ಟೆ. ಸೂರಕ್ಕಿಯ ಗೂಡೂ ತೂಗುವುದೇ. ಆದರೆ ಅದರ ಹೊರಮೈಗೆ ತೊಗಟೆ ಚೂರು, ಕಸಕಡ್ಡಿ ಅಂಟಿಸಿರುತ್ತದೆ, ಬಾಗಿಲ ಮೇಲೆ ಸಣ್ಣ ಸೂರು ಚಾಚಿರುತ್ತದೆ. ಬದನಿಕೆ ಹಕ್ಕಿಯ ಗೂಡಿಗೆ ಈ ಅಲಂಕಾರವಿಲ್ಲ, ಸೂರೂ ಇಲ್ಲ. ಗೂಡಿನ ಹತ್ತಿರ ಹೋಗಿ ಕೊಂಬೆ ಬಗ್ಗಿಸುವುದು, ಛಾಯಾಚಿತ್ರಕ್ಕಾಗಿ ಎಲೆ ಸವರುವುದು ಸಲ್ಲದು. ಮರೆ ಹೋದ ಗೂಡು ಕಾಗೆಯ ಕಣ್ಣಿಗೆ ಬೀಳುತ್ತದೆ.

ರೈತನ ಪ್ರಶ್ನೆ

ಇಷ್ಟನ್ನು ಓದಿದ ಮಾವಿನ ಬೆಳೆಗಾರನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ‘ನನ್ನ ಮರಕ್ಕೆ ಬದನಿಕೆ ಹಚ್ಚುವುದು ಈ ಹಕ್ಕಿಯೇ ಆದರೆ, ಇದನ್ನು ಓಡಿಸಬಾರದೇಕೆ?’

ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬದನಿಕೆಗೆ ಹಸಿರೆಲೆಯಿದೆ, ತನ್ನ ಆಹಾರವನ್ನು ಬಿಸಿಲಿನಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ನೀರು, ಲವಣಗಳನ್ನು ಆಶ್ರಯ ಕೊಟ್ಟ ಮರದಿಂದ ಹೀರುತ್ತದೆ. ಬರದಲ್ಲಿ ಮರ ತನ್ನ ಎಲೆಗಳಿಂದ ನೀರು ಆವಿಯಾಗದಂತೆ ಬಿಗಿಹಿಡಿದಾಗಲೂ ಬದನಿಕೆ ಅಷ್ಟಾಗಿ ಬಿಗಿಹಿಡಿಯುವುದಿಲ್ಲ. ಮಳೆ ಕೈಕೊಡುವುದೇ ವಾಡಿಕೆಯಾಗಿರುವ ಪಾವಗಡ, ಶಿರಾಗಳಂತಹ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಬದನಿಕೆ ಹಬ್ಬಿದ ಜಾಗದಿಂದಾಚೆಗೆ ಕೊಂಬೆ ಸೊರಗುತ್ತದೆ, ಫಸಲು ಇಳಿಯುತ್ತದೆ. ವಿಪರೀತವಾದರೆ ಹಳೆಯ ಮರವೇ ಒಣಗುತ್ತದೆ. ಅಜ್ಜ ನೆಟ್ಟ ಮಾವು ಮೊಮ್ಮಗನ ಕಾಲದಲ್ಲಿ ಹೀಗೆ ಹೋದರೆ ನಷ್ಟ ಹಣದ್ದು ಮಾತ್ರವಲ್ಲ.

ಆದರೂ ಹಕ್ಕಿಯನ್ನು ಓಡಿಸುವುದು ಪರಿಹಾರವಲ್ಲ. ಮೊದಲನೆಯದಾಗಿ, ಅದು ಸಾಧ್ಯವೂ ಇಲ್ಲ. ಕಣ್ಣಿಗೇ ಕಾಣದ ಹಕ್ಕಿಯನ್ನು ಓಡಿಸುವುದು ಹೇಗೆ? ಎರಡನೆಯದಾಗಿ, ಇದೇ ಹಕ್ಕಿ ಸಣ್ಣ ಹುಳು, ಜೇಡಗಳನ್ನೂ ತಿನ್ನುತ್ತದೆ. ಮೂರನೆಯದಾಗಿ, ಕಾಡುಹಕ್ಕಿಗಳನ್ನು ಹಿಡಿಯುವುದು, ಕೊಲ್ಲುವುದು, ಗೂಡು ಕೆಡಿಸುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಿಯಾಗಿದೆ.

ಪರಿಹಾರ ಇರುವುದು ಕತ್ತಿಯಲ್ಲಿ. ಬದನಿಕೆಯನ್ನು ಕೈಯಿಂದ ಕಿತ್ತರೆ ಅಥವಾ ಅದರ ರೆಂಬೆಯನ್ನಷ್ಟೇ ಸವರಿದರೆ, ಮರದೊಳಗೆ ಉಳಿದ ಬೇರಿನಂತಹ ಭಾಗದಿಂದ ಮತ್ತೆ ಚಿಗುರುತ್ತದೆ. ಅದು ಕಚ್ಚಿಕೊಂಡ ಗಂಟಿಗಿಂತ ಸಾಕಷ್ಟು ಕೆಳಗೆ, ಮರದ ಕೊಂಬೆಯನ್ನೇ ಕತ್ತರಿಸಬೇಕು. ಹಣ್ಣು ಮಾಗುವ ಮೊದಲೇ ಈ ಕೆಲಸ ಮುಗಿಯಬೇಕು. ಹಣ್ಣಾದ ಮೇಲೆ ಬೀಜ ಆಗಲೇ ಮುಂದಿನ ಮರ ಸೇರಿರುತ್ತದೆ.

ಹಕ್ಕಿಯ ನಡತೆ ತಿಳಿದವರಿಗೆ ಇಲ್ಲಿ ಇನ್ನೊಂದು ಅಂಶ ಹೊಳೆಯುತ್ತದೆ. ಬೀಜ ಹಕ್ಕಿಯ ಹೊಟ್ಟೆಯಲ್ಲಿರುವುದು ಕೆಲವೇ ನಿಮಿಷ. ಅಷ್ಟರಲ್ಲಿ ಹಕ್ಕಿ ಬಹು ದೂರ ಹೋಗುವುದಿಲ್ಲ. ಹೆಚ್ಚಾಗಿ ಹೋಗುವುದು ಹಣ್ಣಿರುವ ಮತ್ತೊಂದು ಬದನಿಕೆಗೆ. ಆದ್ದರಿಂದಲೇ ಬದನಿಕೆ ಹಿಡಿದ ಮರಕ್ಕೇ ಮತ್ತೆ ಮತ್ತೆ ಬದನಿಕೆ ಹಿಡಿಯುತ್ತದೆ, ಪಕ್ಕದ ಮರಕ್ಕೆ ಹಬ್ಬುತ್ತದೆ. ಒಬ್ಬ ರೈತ ತನ್ನ ತೋಪನ್ನು ಸವರಿ, ಬದುವಿನ ಆಚೆಯ ತೋಪು ಹಾಗೇ ಉಳಿದರೆ ಶ್ರಮ ವ್ಯರ್ಥ. ಅಕ್ಕಪಕ್ಕದವರು ಒಂದೇ ಹಂಗಾಮಿನಲ್ಲಿ ಕೂಡಿ ಮಾಡಿದರೆ ಮಾತ್ರ ಫಲ.

ಎಲ್ಲ ಬದನಿಕೆಯೂ ಶತ್ರುವಲ್ಲ

ತೋಪಿನ ಬದನಿಕೆಯನ್ನು ಹತೋಟಿಯಲ್ಲಿಡುವುದು ನ್ಯಾಯ. ಆದರೆ ಬೆಟ್ಟದ ಕುರುಚಲು ಕಾಡಿನಲ್ಲಿ, ಗೋಮಾಳದ ಒಂಟಿ ಮರದಲ್ಲಿ ಇರುವ ಬದನಿಕೆಯ ಲೆಕ್ಕವೇ ಬೇರೆ. ಅದರ ಮಕರಂದಕ್ಕೆ ಸೂರಕ್ಕಿಗಳು ಬರುತ್ತವೆ. ಹಳದಿ, ಕೆಂಪು ಗುರುತುಗಳುಳ್ಳ ಕಾಮನ್ ಜೆಝೆಬೆಲ್ ಚಿಟ್ಟೆಯ ಮರಿಹುಳುಗಳಿಗೆ ಈ ಗಿಡದ ಎಲೆಯೇ ಅನ್ನ. ಒಣಸೀಮೆಯಲ್ಲಿ ಬೇರೆ ಹಣ್ಣುಗಳು ವಿರಳವಾದಾಗ ಬದನಿಕೆಯ ಹಣ್ಣು ಪುಟ್ಟ ಹಕ್ಕಿಗಳ ಹೊಟ್ಟೆ ತುಂಬುತ್ತದೆ. ತೋಪನ್ನು ತೋಪಿನಂತೆ, ಕಾಡನ್ನು ಕಾಡಿನಂತೆ ನೋಡುವ ವಿವೇಕ ಇಲ್ಲಿ ಬೇಕು.

ಬದನಿಕೆಗಿಂತ ದೊಡ್ಡ ಆತಂಕ ಮರಗಳೇ ಇಲ್ಲವಾಗುವುದು. ರಸ್ತೆ ಅಗಲವಾದಂತೆ ಹಳೆಯ ಸಾಲುಮರಗಳು ಉರುಳುತ್ತವೆ. ಹಕ್ಕಿಯ ಹೆಸರು ತಿಳಿಯದವರಿಗೆ ಅಲ್ಲಿ ಕಳೆದುಹೋದದ್ದು ನೆರಳು ಮಾತ್ರ. ತಿಳಿದವರಿಗೆ ಮರದೊಡನೆ ಹೋದ ಗಿಡ, ಚಿಟ್ಟೆ, ಹಕ್ಕಿಗಳ ಲೆಕ್ಕವೂ ಸಿಗುತ್ತದೆ.

ನೋಡಲು ಹೊರಟವರಿಗೆ

ಕೊರಟಗೆರೆ ತಾಲ್ಲೂಕಿನ ಸಿದ್ಧರ ಬೆಟ್ಟ, ಚನ್ನರಾಯನದುರ್ಗಗಳ ತಪ್ಪಲು, ಮಧುಗಿರಿಯ ಏಕಶಿಲಾ ಬೆಟ್ಟದ ಸುತ್ತಲಿನ ತೋಪುಗಳು ಇಂತಹ ಹಕ್ಕಿಯನ್ನು ಅರಸಲು ತಕ್ಕ ಜಾಗಗಳು. ಕೊಂಬೆಯಲ್ಲಿ ಮರದ ಎಲೆಗಿಂತ ಬೇರೆಯಾದ, ದಪ್ಪ ಎಲೆಯ ಗುಪ್ಪೆ ಕಂಡರೆ ಅದೇ ಬದನಿಕೆ. ಅಲ್ಲಿ ನಿಂತು ಕ್ರಮವಾಗಿ ಐದು ಪ್ರಶ್ನೆ ಕೇಳಿಕೊಳ್ಳಿ. ದನಿ ‘ಚಿಕ್ ಚಿಕ್’ ಎಂದು ಗಡಸಾಗಿದೆಯೇ? ಗಾತ್ರ ಹೆಬ್ಬೆರಳಿನಷ್ಟಿದೆಯೇ? ಕೊಕ್ಕು ತಿಳಿಗುಲಾಬಿಯೇ? ಎದೆ ಗೆರೆಯಿಲ್ಲದೆ ಸ್ವಚ್ಛವಾಗಿದೆಯೇ? ಬಾಲವನ್ನು ಅತ್ತಿತ್ತ ತಿರುಚದೆ ಇದೆಯೇ? ಐದಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಅದು ತಿಳಿಗೊಕ್ಕಿನ ಬದನಿಕೆ ಹಕ್ಕಿ.

ಈಗ ದನಿ ಕೇಳಿಸಿಕೊಂಡು ಹೆಸರು ಹೇಳುವ ಮರ್ಲಿನ್‌ನಂತಹ ಮೊಬೈಲ್ ಆ್ಯಪ್‌ಗಳಿವೆ. ಅವು ನೆರವಾಗುತ್ತವೆ, ಆದರೆ ಆ್ಯಪ್ ಹೇಳಿದ ಹೆಸರನ್ನು ಕಣ್ಣಿನಿಂದ ಖಚಿತಪಡಿಸಿಕೊಳ್ಳುವುದು ಒಳಿತು. ಕಂಡದ್ದನ್ನು ದಿನಾಂಕ, ಸ್ಥಳ, ಮರದ ಹೆಸರಿನೊಡನೆ ಬರೆದಿಡಿ. ಶಾಲೆಗಳ ಪರಿಸರ ಸಂಘಗಳು ತಮ್ಮ ಊರಿನ ಒಂದು ತೋಪನ್ನು ಆರಿಸಿಕೊಂಡು, ಯಾವ ಮರದಲ್ಲಿ ಬದನಿಕೆಯಿದೆ, ಯಾವ ತಿಂಗಳು ಹೂವು, ಯಾವ ತಿಂಗಳು ಹಣ್ಣು, ಹಕ್ಕಿ ಬಂದದ್ದು ಯಾವಾಗ ಎಂದು ಒಂದು ವರ್ಷ ಗುರುತು ಹಾಕಿದರೆ ಸಾಕು. ಬದನಿಕೆಯನ್ನು ಯಾವ ತಿಂಗಳಲ್ಲಿ ಸವರಬೇಕೆಂಬ ರೈತರ ಪ್ರಶ್ನೆಗೆ ಉತ್ತರ ಆ ಮಕ್ಕಳ ಪುಸ್ತಕದಲ್ಲೇ ದೊರೆಯುತ್ತದೆ.